ಗುರುವಾರ ಸಂಜೆಯ ಪಾಠ

ಪೆರ್ಲದ ಕಡೆಯ ಒಬ್ಬ ಹುಡುಗ ಹೋದ ತಿಂಗಳು ನನ್ನ ರಿಕ್ಷಾ ಹತ್ತಿದ. ಇಳಿಯುವಾಗ ಕೇಳಿದ: "ಅಣ್ಣ, ನೀವು ರಿಕ್ಷಾ ಓಡಿಸಿಕೊಂಡೇ ಚರ್ಚಿನ ಸಭೆಯ ಸೇವೆ ಕಲಿತದ್ದಂತೆ, ಅಲ್ವಾ? ಎಷ್ಟು ಖರ್ಚಾಯ್ತು?" ಅವನಿಗೆ ದೇವರ ಸೇವೆ ಮಾಡುವ ಮನಸ್ಸು. ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು. ಅವನ ದುಡಿಮೆಯಿಂದಲೇ ಮನೆ ನಡೆಯಬೇಕು. ರಸ್ತೆ ಬದಿಯಲ್ಲಿ ನಿಂತು ಅರ್ಧ ಗಂಟೆ ಮಾತಾಡಿದೆವು. ಹೇಳಿ ಮುಗಿಯಲಿಲ್ಲ. ಅವತ್ತು ಹೇಳಲು ಬಾಕಿ ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸ್ಟ್ಯಾಂಡ್ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ. ನಮ್ಮ ಸಭೆ ಅಲ್ಲಿಂದ ಒಳಗೆ, ಅಡಿಕೆ ತೋಟಗಳ ನಡುವೆ. ಕೆಂಪು ಕಲ್ಲಿನ ಸಣ್ಣ ಕಟ್ಟಡ, ನಲವತ್ತು ಮನೆಯೂ ಇಲ್ಲ. ಆರಾಧನೆ ಕನ್ನಡದಲ್ಲಿ. ಮುಗಿಸಿ ಅಂಗಳಕ್ಕೆ ಬಂದರೆ ಮಾತು ತುಳುವಿನಲ್ಲಿ. ಪಂಚಾಯತಿನಿಂದ ಬರುವ ಕಾಗದ ಮಲಯಾಳದಲ್ಲಿ. ಕಾಸರಗೋಡಿನವರಿಗೆ ಇದೇನೂ ಹೊಸತಲ್ಲ. ಸಭೆಯ ಮಾಡಿಗೆ ಹೊದೆಸಿದ್ದು ಹಳೆಯ ಹೆಂಚು. ಮಳೆಗಾಲಕ್ಕೆ ಮುಂಚೆ ಸರಿ ಮಾಡಲು ಮೇಲೆ ಹತ್ತಿದಾಗ ಕೆಲವು ಹೆಂಚುಗಳ ಹಿಂಬದಿಯಲ್ಲಿ 'ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865' ಎಂಬ ಅಚ್ಚು ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ನನ್ನ ಮುತ್ತಜ್ಜ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದರಂತೆ. ಸಂಜೆ ಊರೂರು ನಡೆದು ಉಪದೇಶಿಯ ಕೆಲಸವನ್ನೂ ಮಾಡುತ್ತಿದ್ದರಂತೆ. ಅಜ್ಜಿ ಈ ಮಾತು ಹೇಳುವಾಗ ನಾನು ಹುಡುಗ. ಸುಮ್ನೆ ಕೇಳಿಸಿಕೊಂಡು ಆಟಕ್ಕೆ ಓಡುತ್ತಿದ್ದೆ.

ನಮ್ಮ ಸಭಾಪಾಲಕರು, ಅಂದರೆ ಪಾಸ್ಟರು, ಮೂರು ಸಭೆ ನೋಡಿಕೊಳ್ಳಬೇಕು. ಅವರ ಮನೆ ಗಡಿಯ ಆಚೆ, ಕರ್ನಾಟಕದಲ್ಲಿ. ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬಂದು, ರೊಟ್ಟಿ ದ್ರಾಕ್ಷಾರಸ ಕೊಡುವ ಕರ್ತನ ಭೋಜನ ನಡೆಸುತ್ತಾರೆ. ಉಳಿದ ಭಾನುವಾರ ಹಿರಿಯರಲ್ಲಿ ಒಬ್ಬರು ಅಚ್ಚಾದ ಪ್ರಸಂಗದ, ಅಂದರೆ ಆರಾಧನೆಯಲ್ಲಿ ಮಾಡುವ ಉಪದೇಶದ, ಪುಸ್ತಕ ತೆಗೆದು ಓದುತ್ತಿದ್ದರು. ಓದುವವರಿಗೂ ಬೇಸರ, ಕೇಳುವವರಿಗೂ ಬೇಸರ. ಯಾರಿಗಾದರೂ ಕಾಯಿಲೆ ಬಂದರೆ, ಮನೆಯಲ್ಲಿ ಜಗಳವಾದರೆ, ಪಾಸ್ಟರು ಬರುವ ತನಕ ಕಾಯಬೇಕು. ಕಷ್ಟಕ್ಕೆ ಕಾಯುವ ತಾಳ್ಮೆ ಇರುವುದಿಲ್ಲ.

ಇಪ್ಪತ್ತನೇ ವಯಸ್ಸಿನಲ್ಲಿ ನಾನು ಒಂದು ಬೈಬಲ್ ಕಾಲೇಜಿಗೆ ಸೇರಿದ್ದೆ. ದೂರದ ಊರು. ಅಲ್ಲೇ ಉಳಿದು ಮೂರು ವರ್ಷ ಓದಬೇಕು. ಸೇರಿ ನಾಲ್ಕು ತಿಂಗಳಿಗೆ ಅಪ್ಪ ಅಡಿಕೆ ಮರದಿಂದ ಬಿದ್ದರು. ಸೊಂಟ ಮುರಿಯಿತು. ನಾನು ಬಸ್ಸು ಹತ್ತಿ ಊರಿಗೆ ಬಂದೆ. ವಾಪಸ್ ಹೋಗುವ ದಾರಿ ಇರಲಿಲ್ಲ. ಕಟ್ಟಿದ ಹಣ ತಿರುಗಿ ಸಿಗಲಿಲ್ಲ. ಅದರಲ್ಲಿ ಅಮ್ಮನ ಬಳೆ ಮಾರಿದ ಹಣವೂ ಇತ್ತು. ಊರಿನವರು ಕೇಳಿದಾಗ ಏನು ಹೇಳುವುದೆಂದು ಗೊತ್ತಾಗದೆ ಎಷ್ಟೋ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಆರಾಧನೆಯ ಕೊನೆಯ ಆಶೀರ್ವಾದಕ್ಕೆ ಮೊದಲೇ ಎದ್ದು ಬರುತ್ತಿದ್ದೆ. ದೇವರ ಕರೆ ನನಗೆ ತಪ್ಪಿ ಕೇಳಿಸಿತೋ ಏನೋ ಎಂದು ಹದಿನೈದು ವರ್ಷ ಅಂದುಕೊಂಡಿದ್ದೆ.

2019ರ ಮೇ ತಿಂಗಳಲ್ಲಿ ಪಾಸ್ಟರು ಆರಾಧನೆಯ ಕೊನೆಗೆ ಒಂದು ಪ್ರಕಟಣೆ ಓದಿದರು. ಸಭೆಯಲ್ಲೇ ಸೇವಾ ತರಬೇತಿ ಶುರುವಾಗುತ್ತದೆ, ಎರಡು ವರ್ಷ, ವಾರಕ್ಕೊಂದು ಸಂಜೆ, ಕನ್ನಡದಲ್ಲಿ. ಕೆಲಸ ಬಿಡಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ. ಅವತ್ತು ನಾನು ಆಶೀರ್ವಾದದ ತನಕ ಕೂತೆ.

ಸೇರುವ ಕ್ರಮ ಹೀಗಿತ್ತು. ನಾವೇ ಒಂದು ಅರ್ಜಿ ಬರೆಯಬೇಕು. ಅದನ್ನು ಸಭಾ ಸಮಿತಿ ನೋಡಿ, ಈ ಮನುಷ್ಯ ನಮಗೆ ಗೊತ್ತು, ಇವನನ್ನು ನಾವೇ ಕಳಿಸುತ್ತೇವೆ ಎಂದು ಪತ್ರ ಕೊಡಬೇಕು. ಈ ಪತ್ರ ನನಗೆ ತುಂಬಾ ದೊಡ್ಡದು. ಮೊದಲ ಸಲ ನಾನು ಒಬ್ಬನೇ ಹೊರಟಿದ್ದೆ. ಈ ಸಲ ಸಭೆಯೇ ಕಳಿಸಿತು. ಆಮೇಲೆ ಪಾಸ್ಟರೂ ಪಾಠ ಮಾಡುವ ಮಾಷ್ಟ್ರೂ ಕೂರಿಸಿ ಮಾತಾಡಿಸಿದರು. "ಯಾಕೆ ಬೇಕು ನಿಮಗೆ ಇದು?" ಎಂದು ಕೇಳಿದರು. ಹಳೆಯ ಕಥೆ ಹೇಳಿದೆ. ಮಾಷ್ಟ್ರು ಪೂರ್ತಿ ಕೇಳಿ, ಬೈಬಲಿನ ಅಪೊಸ್ತಲರ ಕೃತ್ಯಗಳು ಹದಿನೆಂಟನೇ ಅಧ್ಯಾಯ ತೆಗೆದು ಓದಿಸಿದರು. ಸುವಾರ್ತೆ ಸಾರುತ್ತಿದ್ದ ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಇದ್ದುಕೊಂಡು ಗುಡಾರ ಮಾಡುವ ಕೆಲಸ ಮಾಡಿದ ಭಾಗ. ಓದಿ ಮುಗಿಸಿದ ಮೇಲೆ ಅವರು ಹೇಳಿದ್ದು ಇಷ್ಟೇ: "ನಿಮ್ಮ ರಿಕ್ಷಾ ನಿಲ್ಲಿಸಬೇಡಿ."

ಹುಡುಗ ಕೇಳಿದ ಖರ್ಚಿನ ಲೆಕ್ಕ ಕೊಡುತ್ತೇನೆ. ಪ್ರವೇಶಕ್ಕೆ 200 ರೂಪಾಯಿ. ಹತ್ತು ಪುಸ್ತಕ, ತಲಾ 120ರಂತೆ 1,200. ಹತ್ತು ಪರೀಕ್ಷೆಗೆ 1,000. ಮಂಗಳೂರಿನಲ್ಲಿ ಮೂರು ಮೂರು ದಿನದ ಎರಡು ಶಿಬಿರ, ಊಟ ಸೇರಿ 1,200. ಒಟ್ಟು 3,600. ಪುಸ್ತಕದ ಅರ್ಧ ಹಣ ಸಭೆಯೇ ಕೊಟ್ಟಿತು. ನನ್ನ ಕೈಯಿಂದ ಹೋದದ್ದು 3,000, ಅದೂ ಕಂತಿನಲ್ಲಿ. ಇಷ್ಟು ಕಡಿಮೆಗೆ ಹೇಗೆ ಆಗುತ್ತದೆ ಎಂದರೆ, ಹಾಸ್ಟೆಲ್ ಇಲ್ಲ, ಮೆಸ್ ಇಲ್ಲ, ಕಟ್ಟಡ ಸಭೆಯದ್ದೇ, ಮಾಷ್ಟ್ರು ಬಸ್ಸಿನ ದುಡ್ಡು ಬಿಟ್ಟು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಲೆಕ್ಕಕ್ಕೆ ಬಾರದ ಖರ್ಚು ಬೇರೆ ಇದೆ. ಗುರುವಾರ ಸಂಜೆಯ ಬಾಡಿಗೆ ಎಲ್ಲ ಹೋಯಿತು. ಪೇಟೆಯಲ್ಲಿ ಸಂಜೆ ಆರರಿಂದ ಎಂಟೇ ಒಳ್ಳೆಯ ಹೊತ್ತು. ಹೆಂಡತಿಯನ್ನು ಮೊದಲೇ ಕೇಳಿದ್ದೆ. "ಗುರುವಾರದ್ದು ದೇವರಿಗೆ ಇರಲಿ, ಉಳಿದ ದಿನ ಸ್ವಲ್ಪ ಜಾಸ್ತಿ ಓಡಿಸಿ" ಎಂದಳು. ಮನೆಯವರು ಒಪ್ಪದೆ ಈ ದಾರಿಗೆ ಇಳಿಯಬೇಡ ಎಂದು ಹುಡುಗನಿಗೂ ಹೇಳಿದ್ದೇನೆ.

ಪಾಠದ ಪುಸ್ತಕ ನಾನು ಮೊದಲು ನೋಡಿದ ಪುಸ್ತಕಗಳ ಹಾಗಿರಲಿಲ್ಲ. ಒಂದು ಸಣ್ಣ ತುಂಡು ವಿಷಯ, ಕೂಡಲೇ ಒಂದು ಪ್ರಶ್ನೆ, ಬರೆಯಲು ಖಾಲಿ ಗೆರೆ. ಉತ್ತರ ಅದರ ಕೆಳಗೇ ಇರುತ್ತದೆ. ಅದನ್ನು ಮುಚ್ಚಿಕೊಂಡು ಮೊದಲು ನಾವು ಬರೆಯಬೇಕು, ಆಮೇಲೆ ತೆರೆದು ನೋಡಬೇಕು. ಮುಚ್ಚಲು ಮಗಳ ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದೆ. ಸ್ಟ್ಯಾಂಡಿನಲ್ಲಿ ನನ್ನ ಸರದಿ ಬರುವ ತನಕ ಹಿಂದಿನ ಸೀಟಿನಲ್ಲಿ ಕೂತು, ರಟ್ಟನ್ನು ಒಂದೊಂದೇ ಗೆರೆ ಕೆಳಗೆ ಜಾರಿಸುವುದು. ಬಾಡಿಗೆ ಬಂದರೆ ರಟ್ಟು ಅಲ್ಲೇ ಇಟ್ಟು ಪುಸ್ತಕ ಮುಚ್ಚಿದರಾಯಿತು. ಒಬ್ಬನೇ ಕೂತು ಗಂಟೆಗಟ್ಟಲೆ ಓದುವ ಅಭ್ಯಾಸ ಇಲ್ಲದವನಿಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ಸ್ಟ್ಯಾಂಡಿನ ಗೆಳೆಯರಲ್ಲಿ ಒಬ್ಬ ಮುಸ್ಲಿಂ, ಇಬ್ಬರು ಹಿಂದೂಗಳು. ಪರೀಕ್ಷೆಯ ಹಿಂದಿನ ದಿನ ಅವರೇ "ನೀನು ಓದು, ನಿನ್ನ ಸರದಿ ಕೊನೆಗೆ ಇಟ್ಟುಕೊಳ್ಳುತ್ತೇವೆ" ಎಂದರು.

ಗುರುವಾರ ಏಳು ಗಂಟೆಗೆ ಸಭೆಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಆರು ಮಂದಿ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅಕ್ಕ, ಒಬ್ಬರು ಅಂಗನವಾಡಿ ಟೀಚರ್, ತೋಟದ ಕೆಲಸದ ಅಣ್ಣ, ಡಿಗ್ರಿ ಓದುವ ಹುಡುಗಿ, ನಿವೃತ್ತರಾದ ಪೋಸ್ಟ್‌ಮ್ಯಾನ್ ಮಾವ, ನಾನು. ಮಾಷ್ಟ್ರು ತೊಕ್ಕೊಟ್ಟಿನಿಂದ ಬರುತ್ತಿದ್ದರು. ಅವರೂ ಮೊದಲು ಶಾಲೆಯ ಮೇಷ್ಟರಾಗಿದ್ದವರು.

ಈ ಕ್ರಮ ಎಲ್ಲಿಂದ ಬಂತು ಎಂದು ಮೊದಲ ತರಗತಿಯಲ್ಲೇ ಅವರು ಹೇಳಿದರು. 1963ರಲ್ಲಿ ಗ್ವಾಟೆಮಾಲಾ ಎಂಬ ದೇಶದಲ್ಲಿ ಪ್ರೆಸ್ಬಿಟೇರಿಯನ್ ಪಂಗಡದ ಸೆಮಿನರಿಯವರಿಗೆ, ಅಂದರೆ ಪಾಸ್ಟರುಗಳನ್ನು ತಯಾರು ಮಾಡುವ ಕಾಲೇಜಿನವರಿಗೆ, ಒಂದು ತೊಂದರೆ ಎದುರಾಯಿತು. ಹಳ್ಳಿಯಲ್ಲಿ ಸಭೆಯನ್ನು ನಿಜವಾಗಿ ನಡೆಸುತ್ತಿದ್ದವರು ಹೆಂಡತಿ ಮಕ್ಕಳು, ಹೊಲ ಮನೆ ಇರುವ ದೊಡ್ಡವರು. ಅವರು ಎಲ್ಲ ಬಿಟ್ಟು ಸೆಮಿನರಿಗೆ ಬರುವ ಹಾಗಿರಲಿಲ್ಲ. ಆಗ ಸೆಮಿನರಿಯೇ ಅವರಿದ್ದಲ್ಲಿಗೆ ಹೋಯಿತು. ಮನೆಯಲ್ಲಿ ಓದು, ವಾರಕ್ಕೊಮ್ಮೆ ಮೇಷ್ಟರ ಜೊತೆ ಕೂಟ. ನಮ್ಮ ದೇಶದಲ್ಲಿ ಇದೇ ಕೆಲಸಕ್ಕಾಗಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಮಾಷ್ಟ್ರು ಇದನ್ನು ಹೇಳಿ ಬೋರ್ಡಿನಲ್ಲಿ ಒಂದು ಬೇಲಿಯ ಚಿತ್ರ ಬಿಡಿಸಿದರು. ಎರಡು ಅಡ್ಡ ಗಳ, ನಡುನಡುವೆ ಗೂಟ. "ಮೇಲಿನ ಗಳ ನಿಮ್ಮ ಓದು. ಕೆಳಗಿನದ್ದು ವಾರದಲ್ಲಿ ನೀವು ಮಾಡುವ ಸೇವೆ. ಗೂಟ ಈ ಗುರುವಾರ. ಗೂಟ ಇಲ್ಲದಿದ್ದರೆ ಗಳ ಎರಡೂ ನೆಲಕ್ಕೆ ಬೀಳ್ತದೆ." ತೋಟದ ಕೆಲಸದ ಅಣ್ಣ ಅದನ್ನು ನೋಡಿ, "ಹಾಗಾದ್ರೆ ನಾನು ದಿನಾ ಕಟ್ಟುವುದೇ ಇದು" ಎಂದರು. ಎರಡು ವರ್ಷದಲ್ಲಿ ಅವರು ಒಂದು ಗುರುವಾರವೂ ತಪ್ಪಿಸಲಿಲ್ಲ.

ಹಳೆ ಒಡಂಬಡಿಕೆ, ಯೇಸುವಿನ ಜೀವನ, ಭಾರತದ ಸಭೆಯ ಚರಿತ್ರೆ, ಸಂಡೇ ಸ್ಕೂಲ್ ನಡೆಸುವ ಕ್ರಮ, ಸಭೆಯ ಲೆಕ್ಕಪತ್ರ, ಹೀಗೆ ಪಾಠಗಳು ಸಾಗಿದವು. ಚರಿತ್ರೆಯ ಪಾಠದಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 1843ರಲ್ಲಿ ತಂದ 'ಮಂಗಳೂರು ಸಮಾಚಾರ' ಪತ್ರಿಕೆ, ಕಿಟೆಲ್ ಅವರ 1894ರ ಕನ್ನಡ ನಿಘಂಟು ಎಲ್ಲ ಬಂದವು. ಮಾಷ್ಟ್ರಲ್ಲಿ ಆ ನಿಘಂಟು ಇತ್ತು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕಷ್ಟದ ಮಾತು ಬಂದಾಗ ಒಬ್ಬೊಬ್ಬರ ಕೈಗೆ ಕೊಟ್ಟು ಹುಡುಕಿಸುತ್ತಿದ್ದರು. ಹುಡುಕಿ ಅರ್ಥ ಓದಿದ ಮೇಲೆ, "ಈಗ ಇದನ್ನು ನಿಮ್ಮ ಅಮ್ಮನಿಗೆ ಗೊತ್ತಾಗುವ ಹಾಗೆ ಹೇಳಿ" ಎನ್ನುತ್ತಿದ್ದರು. ಜಾಸ್ತಿ ಕಷ್ಟವಾಗುತ್ತಿದ್ದದ್ದು ಆ ಎರಡನೆಯ ಕೆಲಸವೇ.

ನನ್ನ ಮೊದಲ ಪ್ರಸಂಗ ಅಕ್ಟೋಬರಿನಲ್ಲಿ. ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯ, ಕಳೆದುಹೋದ ಒಂದು ನಾಣ್ಯವನ್ನು ಹೆಂಗಸೊಬ್ಬಳು ದೀಪ ಹಚ್ಚಿ ಮನೆ ಗುಡಿಸಿ ಹುಡುಕುವ ಕಥೆ. ಹನ್ನೆರಡು ನಿಮಿಷ ಸಾಕು ಎಂದು ಮಾಷ್ಟ್ರು ಹೇಳಿದ್ದರು. ಏಳು ಹಾಳೆ ಬರೆದುಕೊಂಡು ಹೋದೆ. ತಲೆ ಎತ್ತದೆ ಓದಿದೆ. ಬಾಗಿಲ ಹತ್ತಿರ ನಮ್ಮ ಸಭೆಯ ಹಿರಿಯ ಅಜ್ಜಿಯೊಬ್ಬರು ಕೈ ಹಿಡಿದುಕೊಂಡರು. "ಒಳ್ಳೆ ಓದಿದೆ ಮಗಾ. ಆದರೆ ಆ ಹೆಂಗಸು ಗುಡಿಸಿದ್ದು ಎಲ್ಲಿ? ನೀನು ಹಿಡಿಸೂಡಿ ತೋರಿಸಲೇ ಇಲ್ಲ." ಆ ವಾರದ ತರಗತಿ ಪೂರ್ತಿ ಈ ಒಂದು ಮಾತಿನ ಮೇಲೆ ನಡೆಯಿತು. ಸೆಗಣಿ ಸಾರಿಸಿದ ನೆಲದಲ್ಲಿ, ಕಿಟಕಿ ಸಣ್ಣದಿದ್ದ ಮನೆಯಲ್ಲಿ, ಸೊಂಟ ಬಗ್ಗಿಸಿ ದೀಪ ಹಿಡಿದು ಮೂಲೆ ಮೂಲೆ ಗುಡಿಸುವುದು ಹೇಗೆ ಎಂದು ಅಂಗನವಾಡಿ ಟೀಚರ್ ಎದ್ದು ನಿಂತು ಮಾಡಿ ತೋರಿಸಿದರು. ಆಮೇಲಿಂದ ನಾನು ಒಂದೇ ಚೀಟಿ ಹಿಡಿದು ಹೋಗುತ್ತೇನೆ. ಅದರಲ್ಲಿ ಐದಾರು ಮಾತು ಮಾತ್ರ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಗಡಿಯಿಂದ ತಿರುಗಿ ಬಂದವು. ಆ ದಿನಗಳ ಸಂಕಟ ಇಲ್ಲಿಯವರು ಯಾರೂ ಮರೆತಿಲ್ಲ. ನಮ್ಮ ಮಾಷ್ಟ್ರು ಆಚೆ, ಪಾಸ್ಟರು ಆಚೆ, ನರ್ಸ್ ಅಕ್ಕ ಆಸ್ಪತ್ರೆಯ ಹಾಸ್ಟೆಲಿನಲ್ಲಿ. ನಾವು ಐವರು ಈಚೆ. ಗುರುವಾರ ಏಳು ಗಂಟೆಗೆ ಫೋನಿನಲ್ಲಿ ತರಗತಿ ನಡೆಸಿದೆವು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಗೇರು ಗುಡ್ಡದ ತುದಿಗೆ ರಿಕ್ಷಾ ಒಯ್ದು ನಿಲ್ಲಿಸಿ, ಒಳಗೆ ಕೂತು ಪಾಠ ಕೇಳಿದೆ.

ಏಪ್ರಿಲಿನಲ್ಲಿ ಪೋಸ್ಟ್‌ಮ್ಯಾನ್ ಮಾವ ತೀರಿಕೊಂಡರು. ರಾತ್ರಿ ಎದೆ ನೋವು ಬಂತು. ಅವರ ಮಗ ಫೋನ್ ಮಾಡಿದ. ನನ್ನ ರಿಕ್ಷಾದಲ್ಲೇ ಹೊರಟೆವು. ಕಾಸರಗೋಡು ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಬೆಳಿಗ್ಗೆ ಪಾಸ್ಟರಿಗೆ ಹೇಳಿದಾಗ ಅವರು ಫೋನಿನಲ್ಲೇ ಅತ್ತರು. ಗಡಿ ದಾಟಲು ಅವರಿಗೆ ದಾರಿ ಇರಲಿಲ್ಲ. "ನೀವೇ ನಡೆಸಿ. ಆರಾಧನಾ ಕ್ರಮದ ಪುಸ್ತಕ ಮುಂದೆ ಇಟ್ಟುಕೊಳ್ಳಿ. ನಿಧಾನ ಓದಿ. ನಡುವೆ ನಿಮಗೆ ಅಳು ಬಂದರೆ ನಿಲ್ಲಿಸಿ, ಮತ್ತೆ ಶುರು ಮಾಡಿ" ಎಂದರು. ಸಮಿತಿಯ ಹಿರಿಯರೊಬ್ಬರು ಪಕ್ಕದಲ್ಲಿ ನಿಂತರು. ಇಪ್ಪತ್ತು ಮಂದಿಗಿಂತ ಹೆಚ್ಚು ಸೇರಬಾರದು ಎಂಬ ನಿಯಮ. ಬೇಕಾದವರೆಲ್ಲ ತೋಟದ ಬೇಲಿಯ ಆಚೆ ದೂರ ದೂರ ನಿಂತು ನೋಡಿದರು. ಮಣ್ಣು ಹಾಕುವಾಗ ಓದಬೇಕಾದ ಮಾತು ಓದಿದೆ. ನನ್ನ ಕೈ ನಡುಗುತ್ತಿತ್ತು. ತರಬೇತಿಯ ಒಂಬತ್ತನೇ ತಿಂಗಳು ಅದು. ಅಷ್ಟು ಕಲಿಯದೆ ಇರುತ್ತಿದ್ದರೆ ಅವತ್ತು ಅಲ್ಲಿ ನಿಲ್ಲಲು ನನ್ನಿಂದ ಸಾಧ್ಯವಿರಲಿಲ್ಲ.

ಒಂದು ವಾರ ಕಳೆದು ಮಾವನ ಹೆಂಡತಿ ಅವರ ಪಾಠದ ಪುಸ್ತಕ ತೋರಿಸಿದರು. ಏಳನೇ ಪಾಠದ ತನಕ ಎಲ್ಲ ಗೆರೆಯೂ ತುಂಬಿತ್ತು. ವಿಳಾಸ ಬರೆಯುವವರ ದುಂಡಗಿನ ಅಕ್ಷರ. ತಪ್ಪಿದಲ್ಲಿ ಅಳಿಸಿರಲಿಲ್ಲ, ಪಕ್ಕದಲ್ಲಿ ಸರಿ ಉತ್ತರ ಬರೆದಿದ್ದರು.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಎರಡನೇ ವರ್ಷದ ಮನೆ ಭೇಟಿ. ಪ್ರತಿಯೊಬ್ಬರೂ ಕಷ್ಟದಲ್ಲಿರುವ ಒಂದು ಕುಟುಂಬವನ್ನು ಆರು ತಿಂಗಳು ಭೇಟಿಯಾಗಿ ವರದಿ ಬರೆಯಬೇಕು. ನನಗೆ ಬಂದದ್ದು ಎಣ್ಮಕಜೆಯ ಕಡೆಯ ಒಂದು ಮನೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1978ರಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಅದೂ ಒಂದು. ಅಲ್ಲಿ ಒಬ್ಬ ತಾಯಿ, ಮೂವತ್ತು ದಾಟಿದ ಮಗ. ಮಗ ಹುಟ್ಟಿದಾಗಿನಿಂದ ಎದ್ದು ನಡೆದವನಲ್ಲ, ಮಾತೂ ಇಲ್ಲ. ನಾನು ಮೊದಲ ದಿನ ಸತ್ಯವೇದ ಹಿಡಿದು ಹೋದೆ. ಹೇಳಬೇಕಾದ ವಾಕ್ಯಗಳಿಗೆ ಗುರುತು ಹಾಕಿಕೊಂಡಿದ್ದೆ. ತಾಯಿ ಮಗನಿಗೆ ಗಂಜಿ ಉಣಿಸುತ್ತಿದ್ದರು. ಚಮಚದಲ್ಲಿ ಸ್ವಲ್ಪ, ಬಾಯಿ ಒರೆಸಿ, ಗಂಟಲು ಇಳಿಯಿತೋ ಎಂದು ಕುತ್ತಿಗೆ ಮುಟ್ಟಿ ನೋಡಿ, ಮತ್ತೆ ಸ್ವಲ್ಪ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. "ತುಂಬಾ ಮಂದಿ ಬಂದಿದ್ದಾರೆ. ಫೋಟೋ ತೆಗೆದುಕೊಂಡು ಹೋಗ್ತಾರೆ. ನೀವೂ ಹೇಳಿ, ಏನು ಹೇಳ್ಲಿಕ್ಕುಂಟು?" ಎಂದರು. ನನ್ನ ಬಾಯಿಗೆ ಒಂದು ಮಾತೂ ಬರಲಿಲ್ಲ.

ಗುರುವಾರ ಇದನ್ನು ಹೇಳಿದೆ. ಮಾಷ್ಟ್ರು ಯೋಬನ ಪುಸ್ತಕ ತೆಗೆಸಿದರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಯಾರೂ ಒಂದು ಮಾತೂ ಆಡಲಿಲ್ಲ ಎಂದು ಎರಡನೇ ಅಧ್ಯಾಯದ ಕೊನೆಗೆ ಇದೆ. "ಅವರು ಸರಿಯಾಗಿ ಮಾಡಿದ್ದು ಅಷ್ಟು ಮಾತ್ರ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು" ಎಂದರು ಮಾಷ್ಟ್ರು. ಎಂಬತ್ತೆಂಟನೇ ಕೀರ್ತನೆಯನ್ನೂ ಓದಿಸಿದರು. ಕೊನೆಯ ತನಕ ಕತ್ತಲೆಯೇ ಇರುವ ಪ್ರಾರ್ಥನೆ ಅದು. ಅಂಥದ್ದೂ ಸತ್ಯವೇದದಲ್ಲಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನರ್ಸ್ ಅಕ್ಕ ಹಾಸಿಗೆ ಹುಣ್ಣು ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವ ಕ್ರಮ ಹೇಳಿಕೊಟ್ಟರು.

ಮುಂದಿನ ವಾರ ಹೋಗಿ ಸುಮ್ಮನೆ ಕೂತೆ. ಅದರ ಮುಂದಿನ ವಾರ ಗಂಜಿ ಬಟ್ಟಲು ಹಿಡಿದುಕೊಂಡೆ. ಆಸ್ಪತ್ರೆಗೆ ಹೋಗುವ ದಿನ ರಿಕ್ಷಾ ಅಂಗಳದ ತನಕ ಇಳಿಸಿ, ಮಗನನ್ನು ಎತ್ತಿ ಸೀಟಿನಲ್ಲಿ ಮಲಗಿಸಿಕೊಂಡು ಹೋದೆ. ಮೂರನೇ ತಿಂಗಳಲ್ಲಿ ಆ ತಾಯಿಯೇ, "ಇವತ್ತು ಒಂದು ಪ್ರಾರ್ಥನೆ ಮಾಡಿ" ಎಂದರು. ಮಾಡಿದೆ. ಎರಡೇ ನಿಮಿಷ. ನನ್ನ ವರದಿ ಆರು ಗೆರೆ ಇತ್ತು. ಹತ್ತು ಪುಟ ಬೇಕು ಎಂದು ನಿಯಮ. ಮಾಷ್ಟ್ರು ಅದನ್ನು ತಿರುಗಿಸಲಿಲ್ಲ. ಬದಿಯಲ್ಲಿ "ಇನ್ನೂ ಹೋಗುತ್ತಿದ್ದೀರಾ?" ಎಂದು ಬರೆದು ಕೊಟ್ಟರು.

ಎರಡು ವರ್ಷದ ತರಬೇತಿ ಮೂರು ವರ್ಷಕ್ಕೆ ಹೋಯಿತು. ಕೊನೆಯ ಪರೀಕ್ಷೆ 2022ರಲ್ಲಿ. ಕುಂಬಳೆಯಿಂದ ಪ್ಯಾಸೆಂಜರ್ ರೈಲು ಹತ್ತಿ ಐವರೂ ಒಟ್ಟಿಗೆ ಮಂಗಳೂರಿಗೆ ಹೋದೆವು. ಎಲ್ಲರೂ ಪಾಸಾದೆವು.

ಈ ಸರ್ಟಿಫಿಕೇಟ್ ಏನು, ಏನಲ್ಲ ಎಂದು ಹುಡುಗನಿಗೆ ಬಿಡಿಸಿ ಹೇಳಿದೆ. ಇದರಿಂದ ಪ್ರಸಂಗ ಮಾಡಬಹುದು, ಕೂಟ ನಡೆಸಬಹುದು, ಮನೆ ಭೇಟಿ ಮಾಡಬಹುದು. ಅಭಿಷಿಕ್ತ ಸಭಾಪಾಲಕರಾಗಲು ಸಾಕಾಗುವುದಿಲ್ಲ. ನಮ್ಮ ಸಭೆಯಲ್ಲಿ ಕರ್ತನ ಭೋಜನ ಕೊಡುವ ಅಧಿಕಾರ ನನಗಿಲ್ಲ. ಆ ದಾರಿ ಬೇಕಾದವರು, ದೈವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿನ ಬಿ.ಡಿ. ಓದಬೇಕು. ಅದನ್ನು ಕಲಿಸುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಮಂಗಳೂರಿನ ಬಲ್ಮಠದಲ್ಲೇ ಇದೆ. 1847ರ ಬಾಸೆಲ್ ಮಿಶನ್ ಸೆಮಿನರಿಯಿಂದ ಬೆಳೆದು ಬಂದ ಸಂಸ್ಥೆ. ಆ ಓದು ಬೇಕೇ ಬೇಕು. ಮೂಲ ಭಾಷೆ ಓದಿ ಗೊತ್ತಿರುವವರು ಇಲ್ಲದಿದ್ದರೆ ನಮ್ಮಂಥವರ ಪಾಠದ ಪುಸ್ತಕ ಬರೆಯುವವರು ಯಾರು? ಆದರೆ ದುಡ್ಡು ಕಟ್ಟಿದರೆ ಆರು ತಿಂಗಳಲ್ಲಿ ಡಾಕ್ಟರೇಟ್ ಕೊಡುತ್ತೇವೆ ಎಂದು ಫೋನಿಗೆ ಮೆಸೇಜ್ ಬರುತ್ತದೆ. ಅಂಥದ್ದಕ್ಕೆ ಒಂದು ರೂಪಾಯಿಯೂ ಕಳಿಸಬೇಡ ಎಂದಿದ್ದೇನೆ. ಯಾವ ಸಭೆ ಕಳಿಸುತ್ತದೆ, ಯಾರು ಕಲಿಸುತ್ತಾರೆ, ಪರೀಕ್ಷೆ ಯಾರದ್ದು ಎಂದು ಮೊದಲು ಕೇಳಬೇಕು. ಉತ್ತರ ಸಿಗದ ಕಡೆ ಸೇರಬಾರದು.

ಹುಡುಗ ಕೊನೆಗೆ, "ಅಣ್ಣ, ನಾನು ಎಸ್‌ಎಸ್‌ಎಲ್‌ಸಿ ಮಾತ್ರ. ನಡೀತದಾ?" ಎಂದು ಕೇಳಿದ. ನಡೆಯುತ್ತದೆ. ತೋಟದ ಅಣ್ಣ ಏಳನೇ ಕ್ಲಾಸು. ಈ ಜೂನಿಗೆ ಹೊಸ ತಂಡ ಶುರು. ಮಾಷ್ಟ್ರಿಗೆ ವಯಸ್ಸಾಗಿದೆ, ಮೊದಲ ಎರಡು ಪುಸ್ತಕಕ್ಕೆ ನಾನೂ ನರ್ಸ್ ಅಕ್ಕನೂ ಕೂರುತ್ತೇವೆ. ನಿಮ್ಮ ಸಭೆಯ ಪತ್ರ ತಂದುಕೊಡು, ಪುಸ್ತಕದ ದುಡ್ಡು ಆಮೇಲೆ ನೋಡೋಣ ಎಂದೆ. ಪೆರ್ಲದಿಂದ ಸಂಜೆ ಬಸ್ಸು ಸಿಗದಿದ್ದರೆ ಫೋನ್ ಮಾಡಲು ನಂಬರ್ ಕೊಟ್ಟಿದ್ದೇನೆ. ಎಣ್ಮಕಜೆಯ ಆ ಮನೆಗೆ ನಾನು ಗುರುವಾರ ಮಧ್ಯಾಹ್ನವೇ ಹೋಗುವುದು. ಬರುವಾಗ ಅವನನ್ನು ಹತ್ತಿಸಿಕೊಂಡು ಬರಬಹುದು.